ಹೊಸ ವಿದ್ಯೆ ಕೈಗೆ ಹತ್ತುವ ರೀತಿ: ನಿಮ್ಮ ಕಲಿಕೆಯ ಬಗೆಯನ್ನು ನೀವೇ ಪರೀಕ್ಷಿಸಿ ತಿಳಿಯಲು ಐದು ವಾರಗಳ ಮಾರ್ಗದರ್ಶಿ

"ನಾನು ನೋಡಿ ಕಲಿಯುವವನು." "ನನಗೆ ಕೇಳಿದರೇ ತಲೆಗೆ ಹೋಗುವುದು." "ಪುಸ್ತಕ ಬೇಡ, ಕೈಯಲ್ಲಿ ಮಾಡಿಯೇ ಕಲಿಯಬೇಕು." ಹೊಸದೇನಾದರೂ ಕಲಿಯಲು ಹೊರಟವರಲ್ಲಿ ಹೆಚ್ಚಿನವರು ಇಂಥದೊಂದು ಮಾತನ್ನು ತಮ್ಮ ಬಗ್ಗೆ ನಂಬಿಕೊಂಡಿರುತ್ತಾರೆ. ಹದಿನೈದು ಪ್ರಶ್ನೆಗಳಿಗೆ ಟಿಕ್ ಹಾಕಿದರೆ ನಿಮ್ಮ ಬಗೆ ಯಾವುದೆಂದು ಹೇಳುವ ಪ್ರಶ್ನಾವಳಿಗಳೂ ಬೇಕಾದಷ್ಟಿವೆ. ಅವುಗಳಲ್ಲಿ ಹೆಸರಾದದ್ದು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಮತ್ತು ಕಾಲೀನ್ ಮಿಲ್ಸ್ 1992ರಲ್ಲಿ ಪ್ರಕಟಿಸಿದ 'ವಾರ್ಕ್' ಮಾದರಿ. ಅದು ಕಲಿಯುವವರನ್ನು ನೋಡುವವರು, ಕೇಳುವವರು, ಓದಿ ಬರೆಯುವವರು, ಮಾಡುವವರು ಎಂದು ನಾಲ್ಕು ಪಾಲು ಮಾಡುತ್ತದೆ. ಇಂಥ ಮಾದರಿಗಳು ಅದೆಷ್ಟು ಬೆಳೆದಿದ್ದವೆಂದರೆ, 2004ರಲ್ಲಿ ಬ್ರಿಟನ್ನಿನ ಸಂಶೋಧಕರು ಎಣಿಸಿದಾಗ 71 ಸಿಕ್ಕವು.

ಈ ವಿಂಗಡಣೆಯನ್ನು ನಂಬಿ ಕಲಿಕೆಯನ್ನು ಯೋಜಿಸಬೇಡಿ. 2008ರಲ್ಲಿ ಹೆರಾಲ್ಡ್ ಪ್ಯಾಷ್ಲರ್ ಮತ್ತು ಇತರ ಮೂವರು ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಜಾಲಾಡಿದರು. 'ನೋಡುವವರಿಗೆ' ತೋರಿಸಿ, 'ಕೇಳುವವರಿಗೆ' ಹೇಳಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎನ್ನಲು ತಕ್ಕ ಪುರಾವೆ ಸಿಗಲಿಲ್ಲ. 2018ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಅಂಗರಚನಾಶಾಸ್ತ್ರ ವಿದ್ಯಾರ್ಥಿಗಳನ್ನು ನೋಡಿದಾಗ, ಪ್ರಶ್ನಾವಳಿ ಹೇಳಿದ ಬಗೆಗೆ ತಕ್ಕಂತೆ ಓದಿದವರಿಗೆ ಹೆಚ್ಚು ಅಂಕವೇನೂ ಬಂದಿರಲಿಲ್ಲ. ಇಷ್ಟವೆಂಬುದು ಸುಳ್ಳಲ್ಲ. ಕೆಲವರಿಗೆ ವಿಡಿಯೊ ಇಷ್ಟ, ಕೆಲವರಿಗೆ ಪುಸ್ತಕ. ಆದರೆ ಇಷ್ಟವಾದದ್ದೇ ಮನಸ್ಸಿನಲ್ಲಿ ಉಳಿಯುತ್ತದೆ ಎನ್ನುವಂತಿಲ್ಲ.

ಹಾಗಾದರೆ ಒಬ್ಬೊಬ್ಬರ ಕಲಿಕೆಯೂ ಒಂದೇ ಥರವೇ? ಅಲ್ಲ. ಒಬ್ಬರಿಗೆ ಹದಿನೈದು ನಿಮಿಷಕ್ಕೆ ಗಮನ ಚದುರುತ್ತದೆ, ಇನ್ನೊಬ್ಬರಿಗೆ ನಲವತ್ತಕ್ಕೆ. ಒಬ್ಬರು ಬೆಳಗಿನ ಐದೂವರೆಗೆ ಚುರುಕು, ಇನ್ನೊಬ್ಬರು ರಾತ್ರಿ ಊಟದ ನಂತರ. ತಪ್ಪನ್ನು ಅಲ್ಲೇ ಹಿಡಿದು ಹೇಳಿದರೆ ಒಬ್ಬರು ತಿದ್ದಿಕೊಳ್ಳುತ್ತಾರೆ, ಮತ್ತೊಬ್ಬರು ಮುದುಡಿಕೊಳ್ಳುತ್ತಾರೆ. ಮೊದಲೇ ಗೊತ್ತಿರುವುದು ಎಷ್ಟು, ಜೊತೆಗಾರರು ಬೇಕೇ ಬೇಡವೇ ಎಂಬುದೂ ಇದಕ್ಕೆ ಸೇರುತ್ತದೆ. ಈ ವ್ಯತ್ಯಾಸಗಳು ನಿಜ, ಅಳೆಯಲೂ ಬರುತ್ತವೆ. ಪ್ರಶ್ನಾವಳಿಯಲ್ಲಿ ಮಾತ್ರ ಸಿಗುವುದಿಲ್ಲ. ಒಂದು ವಿದ್ಯೆಯನ್ನು ಹಿಡಿದು, ನಿಮ್ಮ ಮೇಲೆ ನೀವೇ ಪರೀಕ್ಷೆ ನಡೆಸಬೇಕು.

ಕೆಳಗಿನ ವಿಧಾನಕ್ಕೆ ಕನ್ನಡ ಟೈಪಿಂಗನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಕೀಲಿಮಣೆ ನೋಡದೆ, ಹತ್ತು ಬೆರಳುಗಳಿಂದ, ಭಾರತೀಯ ಭಾಷೆಗಳಿಗೆಂದೇ ಮಾಡಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ. ಇಂಗ್ಲಿಷ್ ಅಕ್ಷರಗಳ ನೆನಪು ಇದರಲ್ಲಿ ನೆರವಾಗುವುದಿಲ್ಲ, ಆದ್ದರಿಂದ ಬಹುತೇಕರಿಗೆ ಇದು ಪೂರ್ತಿ ಹೊಸ ವಿದ್ಯೆ. ವೇಗ, ತಪ್ಪು ಎರಡನ್ನೂ ಅಂಕಿಯಲ್ಲಿ ಹಿಡಿಯಬಹುದು. ಬೇರೆ ವಿದ್ಯೆಗಳಿಗೆ ಇದನ್ನೇ ಹೇಗೆ ಹೊಂದಿಸಬೇಕೆಂಬುದು ಕೊನೆಯಲ್ಲಿದೆ.

ಹಂತ 1: ವಿದ್ಯೆ ಯಾವ ಇಂದ್ರಿಯವನ್ನು ಕೇಳುತ್ತದೆ ಎಂದು ನೋಡಿ

ನೀವು ಯಾವ ಬಗೆಯವರು ಎಂದು ಕೇಳುವ ಮೊದಲು ವಿದ್ಯೆ ಯಾವ ಬಗೆಯದು ಎಂದು ಕೇಳಿ. ಶ್ರುತಿ ಕಿವಿಯಿಂದಲೇ ಕಲಿಯಬೇಕಾದದ್ದು. ಎಷ್ಟೇ ಚಂದದ ಚಿತ್ರಪಟ ಬರೆದರೂ ಪಂಚಮ ನಿಲ್ಲುವುದಿಲ್ಲ. ಹೋಳಿಗೆಯ ಕಣಕದ ಹದ ಬೆರಳಿಗೆ ಗೊತ್ತಾಗಬೇಕು. ಕಾರಿನ ಕ್ಲಚ್ ಹಿಡಿಯುವ ಬಿಂದು ಎಡಗಾಲಿಗೆ ತಿಳಿಯಬೇಕು. ನಕ್ಷೆ ಓದುವುದು ಕಣ್ಣಿನ ಕೆಲಸ. ಮಗ್ಗಿಯನ್ನು ಹಿಂದೆ ರಾಗವಾಗಿ ಹೇಳಿಸುತ್ತಿದ್ದರು, ಅಕ್ಷರವನ್ನು ಮರಳಿನ ಮೇಲೆ ತಿದ್ದಿಸುತ್ತಿದ್ದರು. ಒಂದೇ ಮಗುವಿಗೆ ಎರಡು ದಾರಿ, ಏಕೆಂದರೆ ವಿದ್ಯೆಗಳು ಎರಡು.

ಟೈಪಿಂಗ್ ಬೆರಳಿನ ವಿದ್ಯೆ. ಕಣ್ಣಿನ ಕೆಲಸ ಮೊದಲ ಎರಡು ಮೂರು ದಿನ ಮಾತ್ರ. ಇದನ್ನು ಹಾಳೆಯ ತಲೆಯಲ್ಲಿ ಬರೆದುಕೊಳ್ಳಿ: "ಈ ವಿದ್ಯೆ ಕೊನೆಗೆ ಇರಬೇಕಾದದ್ದು ಬೆರಳಿನಲ್ಲಿ." ಪರೀಕ್ಷೆಯೂ ಅಲ್ಲೇ ನಡೆಯಬೇಕು. ಅಕ್ಷರಗಳ ಜಾಗವನ್ನು ಬಾಯಲ್ಲಿ ಹೇಳಬಲ್ಲೆ ಎಂದರೆ ಟೈಪಿಂಗ್ ಬಂತೆಂದಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ದೃಷ್ಟಿ ಅಥವಾ ಶ್ರವಣದ ತೊಂದರೆ ಇದ್ದವರಿಗೆ, ಡಿಸ್ಲೆಕ್ಸಿಯಾ (ಓದು ಬರಹದ ತೊಡಕು) ಇದ್ದವರಿಗೆ ಪಾಠ ಯಾವ ಮಾಧ್ಯಮದಲ್ಲಿ ಬರುತ್ತದೆ ಎಂಬುದು ನಿಜಕ್ಕೂ ಮುಖ್ಯ. ಅದು ಇಷ್ಟದ ಮಾತಲ್ಲ, ಅಗತ್ಯದ್ದು. ಅಂಥವರು ಮಾಧ್ಯಮವನ್ನು ಮೊದಲು ಸರಿಮಾಡಿಕೊಂಡು, ಉಳಿದ ಪರೀಕ್ಷೆಗಳನ್ನು ಆಮೇಲೆ ಮಾಡಬೇಕು.

ಹಂತ 2: ಮೊದಲ ವಾರ, ತಳಪಾಯ ಮತ್ತು ಅಳತೆಗೋಲು

ಬೇಕಾದದ್ದು: ಭೌತಿಕ ಕೀಲಿಮಣೆ ಇರುವ ಕಂಪ್ಯೂಟರ್ (ಫೋನ್ ಆಗದು, ಅಲ್ಲಿ ಹೆಬ್ಬೆರಳಷ್ಟೇ ಕಲಿಯುತ್ತದೆ), ಕನ್ನಡ ಇನ್‌ಸ್ಕ್ರಿಪ್ಟ್ ವಿನ್ಯಾಸ, ಗಡಿಯಾರ, 40 ಪುಟದ ನೋಟ್‌ಬುಕ್, ಕೈ ಮುಚ್ಚಲು ಒಂದು ಟವೆಲ್. ವಿನ್ಯಾಸ ವಿಂಡೋಸ್, ಲಿನಕ್ಸ್ ಎರಡರಲ್ಲೂ ಸಿಗುತ್ತದೆ.

ಇನ್‌ಸ್ಕ್ರಿಪ್ಟ್‌ನಲ್ಲಿ ಎಡಗೈ ಹೆಚ್ಚಾಗಿ ಸ್ವರಗಳದು, ಬಲಗೈ ವ್ಯಂಜನಗಳದು. ನಡುಸಾಲಿನಲ್ಲಿ ಎಡದಿಂದ ಓಕಾರ, ಏಕಾರ, ಒತ್ತಿಗೆ ಬೇಕಾದ ಹಲಂತ, ಇಕಾರ, ಉಕಾರ. ಬಲಕ್ಕೆ ಪ, ರ, ಕ, ತ, ಚ, ಟ. ಈ ಹನ್ನೊಂದು ಕೀಲಿಗಳಿಂದಲೇ ಚಿಕ್ಕಪ್ಪ, ಪುಟ್ಟ, ಚುಕ್ಕಿ, ಪತ್ರ, ತಿರುಪತಿ, ಕೋಟಿ, ಕೇರಿ ಎಲ್ಲವನ್ನೂ ಬರೆಯಬಹುದು. ಮೊದಲ ವಾರ ದಿನಕ್ಕೆ 20 ನಿಮಿಷ ಇವನ್ನಷ್ಟೇ ಮಾಡಿ. ಪ್ರಯೋಗ ಇನ್ನೂ ಶುರುವಾಗಿಲ್ಲ, ಇದು ತಳಪಾಯ. ಏನೂ ಬಾರದ ಸ್ಥಿತಿಯಲ್ಲಿ ಅಳೆದರೆ ಎಲ್ಲ ವಿಧಾನವೂ ಒಂದೇ ರೀತಿ ಕೆಟ್ಟದಾಗಿ ಕಾಣುತ್ತದೆ.

ಅಳೆಯುವಾಗ ಪದಗಳನ್ನು ಎಣಿಸಬೇಡಿ. ಕನ್ನಡದ ಪದಗಳು ಉದ್ದ, ಒತ್ತಕ್ಷರವಿದ್ದರೆ ಇನ್ನೂ ಉದ್ದ. ಕೀಲಿಯ ಒತ್ತುಗಳನ್ನು ಎಣಿಸಿ. 'ಕನ್ನಡ' ಎಂಬುದಕ್ಕೆ ಕ, ನ, ಹಲಂತ, ನ, ಡ ಎಂದು ಐದು ಒತ್ತು. 'ಕರ್ನಾಟಕ'ಕ್ಕೆ ಏಳು. 200 ಒತ್ತುಗಳ ಒಂದು ಪಾಠವನ್ನು ಸಿದ್ಧಮಾಡಿ. ಅದನ್ನು 4 ನಿಮಿಷದಲ್ಲಿ 14 ತಪ್ಪುಗಳೊಂದಿಗೆ ಮುಗಿಸಿದರೆ, 200ರಲ್ಲಿ 14 ಕಳೆದು 4ರಿಂದ ಭಾಗಿಸಿ: ನಿಮಿಷಕ್ಕೆ 46.5 ಸರಿಯಾದ ಒತ್ತು. ಇದೇ ನಿಮ್ಮ ಅಂಕ. ಅಳೆಯುವಾಗ ಹಿಂದಳಿಸುವ ಕೀಲಿ (ಬ್ಯಾಕ್‌ಸ್ಪೇಸ್) ಮುಟ್ಟಬಾರದು.

ವಾರದ ಕೊನೆಯ ಮೂರು ದಿನ, ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ಒಂದೇ ಕಷ್ಟದ ಬೇರೆ ಬೇರೆ ಪಾಠದಿಂದ ಅಳೆಯಿರಿ. ಅಂಕಗಳು 38, 43, 41 ಬಂದವೆಂದುಕೊಳ್ಳಿ. ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವಿನ ಅಂತರ 5. ಇದು ನಿಮ್ಮ ದಿನನಿತ್ಯದ ತೂಗಾಟ. ನಿದ್ದೆ, ಕಾಫಿ, ಬೆರಳಿನ ಬಿಸುಪು ಎಲ್ಲ ಸೇರಿ ಆಗುವ ಏರಿಳಿತ. ಮುಂದೆ ಎರಡು ವಿಧಾನಗಳ ನಡುವೆ 5ಕ್ಕಿಂತ ಕಡಿಮೆ ಅಂತರ ಕಂಡರೆ ಅದಕ್ಕೆ ಅರ್ಥವಿಲ್ಲ. ಈ ಒಂದು ಸಂಖ್ಯೆಯನ್ನು ಕಂಡುಕೊಳ್ಳದೆ ಮುಂದೆ ಹೋದವರು ಒಂದು ಒಳ್ಳೆಯ ದಿನವನ್ನೇ ತಮ್ಮ ಕಲಿಕೆಯ ಬಗೆ ಎಂದು ತಪ್ಪಾಗಿ ತಿಳಿಯುತ್ತಾರೆ.

ಹಂತ 3: ವಾರದ ಚೌಕಟ್ಟು

ಇಡೀ ವಿಧಾನದ ಜೀವ ಇರುವುದು ಇಲ್ಲಿ. 'ಒಂದು ವಾರ ವಿಡಿಯೊ ನೋಡಿ ಕಲಿತೆ, ಮುಂದಿನ ವಾರ ಪುಸ್ತಕದಿಂದ ಕಲಿತೆ, ಎರಡನೆಯದೇ ಚೆನ್ನಾಗಿತ್ತು' ಎಂಬ ಹೋಲಿಕೆಗೆ ಬೆಲೆಯಿಲ್ಲ. ಎರಡನೇ ವಾರದಲ್ಲಿ ನೀವು ಹೇಗಿದ್ದರೂ ಚೆನ್ನಾಗಿಯೇ ಮಾಡುತ್ತಿದ್ದಿರಿ, ಒಂದು ವಾರದ ಅಭ್ಯಾಸ ಆಗಿತ್ತಲ್ಲ. ಆದ್ದರಿಂದ ಪ್ರತಿ ವಾರ ಸಮತೂಕದ ಎರಡು ಕಟ್ಟು ಅಕ್ಷರಗಳನ್ನು ತೆಗೆದುಕೊಂಡು, ಒಂದಕ್ಕೆ ಒಂದು ವಿಧಾನ, ಇನ್ನೊಂದಕ್ಕೆ ಇನ್ನೊಂದು ವಿಧಾನವನ್ನು ಒಟ್ಟಿಗೇ ನಡೆಸಬೇಕು.

ಸೋಮವಾರದಿಂದ ಗುರುವಾರದವರೆಗೆ ಪ್ರತಿ ಕಟ್ಟಿಗೆ ದಿನಕ್ಕೆ 15 ನಿಮಿಷ. ಸೋಮವಾರ ಮೊದಲನೇ ಕಟ್ಟು ಮುಂದೆ, ಮಂಗಳ ಮತ್ತು ಬುಧ ಎರಡನೆಯದು ಮುಂದೆ, ಗುರುವಾರ ಮತ್ತೆ ಮೊದಲನೆಯದು. ಹೀಗೆ ಮಾಡಿದರೆ ದಣಿವು ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ. ಶುಕ್ರವಾರ, ಶನಿವಾರ ಕೀಲಿಮಣೆ ಮುಟ್ಟಬಾರದು. ಭಾನುವಾರ ಎರಡೂ ಕಟ್ಟುಗಳ ಪರೀಕ್ಷೆ, ಕೈ ಮೇಲೆ ಟವೆಲ್ ಹೊದಿಸಿ.

ಎರಡು ದಿನದ ಬಿಡುವು ಏಕೆ? ಪಾಠ ಮುಗಿದ ತಕ್ಷಣ ಅಳೆದರೆ ಅಳೆಯುವುದು ಕಲಿತದ್ದನ್ನಲ್ಲ, ಇನ್ನೂ ಆರದ ಬಿಸಿಯನ್ನು. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ ಗದ್ಯಭಾಗ ಓದಿಸಿ ನಡೆಸಿದ ಪ್ರಯೋಗದಲ್ಲಿ ಇದು ನಿಚ್ಚಳವಾಗಿ ಕಂಡಿತು. ಐದು ನಿಮಿಷದ ನಂತರ ಕೇಳಿದಾಗ, ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಅವರಿಗೆ ನೆನಪಿದ್ದದ್ದು ಶೇ 42, ನೋಡದೆ ನೆನಪಿನಿಂದ ಬರೆದು ಅಭ್ಯಾಸ ಮಾಡಿದ್ದವರಿಗೆ ಶೇ 56. ಗುರುವಾರ ಸಂಜೆಯೇ ಅಳೆಯುವವರು ಬಹುಶಃ ತಪ್ಪು ವಿಧಾನವನ್ನೇ ಆರಿಸುತ್ತಾರೆ.

ನೋಟ್‌ಬುಕ್ಕಿನಲ್ಲಿ ಪ್ರತಿದಿನ ಒಂದು ಸಾಲು: ಹೊತ್ತು, ಕಟ್ಟು, ಎಷ್ಟು ನಿಮಿಷಕ್ಕೆ ಗಮನ ಮೊದಲ ಬಾರಿ ಚದುರಿತು, ಪದೇ ಪದೇ ತಪ್ಪಿದ ಕೀಲಿ, ಮತ್ತು "ಭಾನುವಾರ ಯಾವುದು ಗೆಲ್ಲುತ್ತದೆ" ಎಂಬ ನಿಮ್ಮ ಊಹೆ. ಈ ಊಹೆಯ ಅಂಕಣವನ್ನು ಬಿಡಬೇಡಿ. ನಾಲ್ಕು ವಾರಗಳ ನಂತರ ಊಹೆಯನ್ನೂ ಫಲಿತಾಂಶವನ್ನೂ ಎದುರುಬದುರು ಇಟ್ಟು ನೋಡಿದಾಗ, ನಿಮ್ಮ 'ನನಗಿದೇ ಸರಿ' ಎಂಬ ಅನಿಸಿಕೆಯನ್ನು ಎಷ್ಟು ನಂಬಬಹುದೆಂದು ಗೊತ್ತಾಗುತ್ತದೆ. ಬಹಳ ಜನರಿಗೆ ಇಡೀ ಪರೀಕ್ಷೆಯಲ್ಲಿ ಸಿಗುವ ಅತಿ ಬೆಲೆಯ ತಿಳಿವಳಿಕೆ ಅದೇ.

ಹಂತ 4: ನಾಲ್ಕು ಪ್ರಯೋಗಗಳು

ಎರಡನೇ ವಾರ, ಪ್ರವೇಶದ ದಾರಿ. ಮೇಲಿನ ಸಾಲಿನಲ್ಲಿ ಬ, ಹ, ಗ, ದ, ಜ, ಡ ಇವೆ, ಕೆಳಸಾಲಿನಲ್ಲಿ ಮ, ನ, ವ, ಲ, ಸ, ಯ. ಸಾಲಿಗೊಂದು ಕಟ್ಟು ಮಾಡಿದರೆ ತಪ್ಪಾಗುತ್ತದೆ, ಕೆಳಸಾಲು ಬೆರಳಿಗೆ ಕಷ್ಟ. ಬೆರೆಸಿ: ಬ, ಗ, ಜ, ನ, ಲ, ಯ ಒಂದು ಕಟ್ಟು, ಹ, ದ, ಡ, ಮ, ವ, ಸ ಇನ್ನೊಂದು. ಮೊದಲನೆಯದರಿಂದ ಬಯಲು, ನಗು, ಜಗಲಿ, ಬೇಲಿ. ಎರಡನೆಯದರಿಂದ ಹಸಿವು, ಸಮುದ್ರ, ಮಡಿಕೇರಿ. ಮೊದಲ ಕಟ್ಟನ್ನು ಕೀಲಿಗಳ ಜಾಗ ತೋರಿಸುವ ಚಿತ್ರಪಟ ನೋಡಿ ಕಲಿಯಿರಿ: 5 ನಿಮಿಷ ಪಟವನ್ನು ಗಮನಿಸಿ, 10 ನಿಮಿಷ ಪಟ ಎದುರಿಗಿಟ್ಟು ಟೈಪ್ ಮಾಡಿ. ಎರಡನೆಯದನ್ನು ತಡಕಾಡಿ ಕಲಿಯಿರಿ: ಮನೆಯವರು ಪದ ಹೇಳಲಿ ಅಥವಾ ಫೋನಿನಲ್ಲಿ ಮೊದಲೇ ಮುದ್ರಿಸಿಕೊಳ್ಳಿ, ಮೊದಲು ಬೆರಳು ಊಹಿಸಲಿ, ತಪ್ಪಾದರೆ ಮಾತ್ರ ಪಟ ನೋಡಿ. ತಡಕಾಟದ ದಾರಿ ಮೊದಲ ಎರಡು ದಿನ ಬೇಸರ ತರುತ್ತದೆ. ಭಾನುವಾರ ಬೆರಳಿಗೆ ನೆನಪಿರುವುದು ಸಾಮಾನ್ಯವಾಗಿ ಅದೇ.

ಮೂರನೇ ವಾರ, ಪ್ರಮಾಣ. ಆಕಾರ, ಊಕಾರ, ಎಕಾರ ಒಂದು ಕಟ್ಟು. ಈಕಾರ, ಒಕಾರ, ಸೊನ್ನೆ ಇನ್ನೊಂದು. ಒಂದಕ್ಕೆ ನಾಲ್ಕು ದಿನ 15 ನಿಮಿಷದಂತೆ 60 ನಿಮಿಷ. ಇನ್ನೊಂದಕ್ಕೆ ಗುರುವಾರ ಒಂದೇ ಕೂತಿನಲ್ಲಿ 60 ನಿಮಿಷ. ಒಟ್ಟು ಹೊತ್ತು ಸಮ, ಮುಗಿಯುವ ದಿನವೂ ಒಂದೇ. ಹಂಚಿ ಕಲಿತದ್ದೇ ಗೆಲ್ಲುವ ಸಂಭವ ಹೆಚ್ಚು. 1978ರಲ್ಲಿ ಮನಶ್ಶಾಸ್ತ್ರಜ್ಞರಾದ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಬ್ರಿಟನ್ನಿನ ಅಂಚೆ ನೌಕರರಿಗೆ ಇದೇ ಟೈಪಿಂಗ್ ವಿದ್ಯೆಯನ್ನು ನಾಲ್ಕು ಪ್ರಮಾಣದಲ್ಲಿ ಕಲಿಸಿ ನೋಡಿದ್ದರು. ದಿನಕ್ಕೆ ಒಂದೇ ಗಂಟೆ ಕಲಿತವರಿಗೆ ಒಟ್ಟಾರೆ ಅತಿ ಕಡಿಮೆ ಗಂಟೆಗಳು ಸಾಕಾದವು, ದಿನಕ್ಕೆ ಎರಡೆರಡು ಗಂಟೆಯ ಎರಡು ಪಾಠ ಕಲಿತವರಿಗೆ ಅತಿ ಹೆಚ್ಚು ಬೇಕಾದವು. ಆದರೆ ತಮ್ಮ ತರಬೇತಿಯ ಬಗ್ಗೆ ಅತಿ ಕಡಿಮೆ ತೃಪ್ತಿ ಇದ್ದದ್ದು ಆ ಒಂದು ಗಂಟೆಯವರಿಗೇ. ದಿನಗಳ ಲೆಕ್ಕದಲ್ಲಿ ತಾವು ಹಿಂದುಳಿದೆವು ಎನ್ನಿಸಿತ್ತು.

ಇಲ್ಲಿ ನಿಮಗೆ ಮಾತ್ರ ಸೇರಿದ ಸಂಖ್ಯೆಯೊಂದು ಸಿಗುತ್ತದೆ. 60 ನಿಮಿಷದ ಕೂತಿನಲ್ಲಿ ಪ್ರತಿ 10 ನಿಮಿಷಕ್ಕೆ ಒಂದು ನಿಮಿಷ ಅಳೆಯಿರಿ. ತಪ್ಪುಗಳು ಸತತ ಎರಡು ಅಳತೆಯಲ್ಲಿ ಏರಿದರೆ, ಅದಕ್ಕೆ ಹಿಂದಿನ ಹಂತವೇ ನಿಮ್ಮ ಕೂತಿನ ಮಿತಿ. ಕೆಲವರಿಗೆ 20 ನಿಮಿಷ, ಕೆಲವರಿಗೆ 40. ಆ ಮಿತಿ ದಾಟಿದ ಮೇಲೆ ಬೆರಳು ಕಲಿಯುವುದು ತಪ್ಪನ್ನೇ.

ನಾಲ್ಕನೇ ವಾರ, ಕ್ರಮ. ಷಿಫ್ಟ್ ಒತ್ತಿ ಬರೆಯುವ ಮಹಾಪ್ರಾಣಗಳು. ಖ, ಘ, ಛ ಒಂದು ಕಟ್ಟು: ದಿನದ 15 ನಿಮಿಷವನ್ನು ಮೂರು ಪಾಲು ಮಾಡಿ, ಖ ಮುಗಿಸಿ ಘ, ಘ ಮುಗಿಸಿ ಛ. ಥ, ಧ, ಭ ಇನ್ನೊಂದು: ಮೂರನ್ನೂ ಕಲಸಿ, ಮುಂದೆ ಯಾವುದು ಬರುತ್ತದೆಂದು ಗೊತ್ತಾಗದಂತೆ. ಕಲಸಿದ್ದು ಗೋಜಲೆನಿಸುತ್ತದೆ. 2008ರಲ್ಲಿ ಮನಶ್ಶಾಸ್ತ್ರಜ್ಞರಾದ ಕಾರ್ನೆಲ್ ಮತ್ತು ಬ್ಯೋರ್ಕ್ ಚಿತ್ರಕಾರರ ಶೈಲಿ ಗುರುತಿಸುವುದನ್ನು ಎರಡೂ ರೀತಿಯಲ್ಲಿ ಕಲಿಸಿದಾಗ, ಹೆಚ್ಚಿನವರು ಕಲಸಿದ ಕ್ರಮದಲ್ಲೇ ಚೆನ್ನಾಗಿ ಕಲಿತರು. ಪರೀಕ್ಷೆ ಮುಗಿದ ಮೇಲೂ ಬಹುಪಾಲು ಜನ ಸಾಲಾಗಿ ಕಲಿತದ್ದೇ ಮೇಲೆಂದು ಹೇಳಿದರು. ನಿಮ್ಮ ಊಹೆಯ ಅಂಕಣ ಸೋಲುವುದು ಹೆಚ್ಚಾಗಿ ಈ ವಾರದಲ್ಲಿ. ಒಂದು ವಿನಾಯಿತಿ: ಯಾವುದೇ ಕೀಲಿಯ ಜಾಗ ಇನ್ನೂ ಗೊತ್ತೇ ಇಲ್ಲದಿದ್ದರೆ ಮೊದಲ ದಿನ ಸಾಲಾಗಿ ಮಾಡಿ, ಎರಡನೇ ದಿನದಿಂದ ಕಲಸಿ.

ಐದನೇ ವಾರ, ತಿದ್ದುವ ರೀತಿ ಮತ್ತು ಜೊತೆ. ಈಗ ಪೂರ್ತಿ ವಾಕ್ಯಗಳು, ಒತ್ತಕ್ಷರ ಹೆಚ್ಚಿರುವ ಎರಡು ಪುಟಗಳು. ಒಂದು ಪುಟದಲ್ಲಿ ತಪ್ಪಾದ ಕ್ಷಣವೇ ನಿಂತು ತಿದ್ದಿ. ಇನ್ನೊಂದರಲ್ಲಿ ಸಾಲು ಮುಗಿಯುವವರೆಗೆ ಪರದೆ ನೋಡದೆ ಬರೆದು, ಆಮೇಲೆ ತಪ್ಪುಗಳನ್ನು ಗುರುತಿಸಿ, ಆ ಪದವನ್ನು 5 ಸಲ ಬರೆಯಿರಿ. ಇಲ್ಲಿ ಜನರ ನಡುವೆ ವ್ಯತ್ಯಾಸ ದೊಡ್ಡದು, ಪುಸ್ತಕದ ಉತ್ತರವಿಲ್ಲ. ಒಂದೊಂದು ತಪ್ಪಿಗೂ ನಿಲ್ಲುವ ರೂಢಿಯವರಿಗೆ ಲಯವೇ ಹುಟ್ಟುವುದಿಲ್ಲ. ನಿಲ್ಲದವರಲ್ಲಿ ಕೆಲವರಿಗೆ ತಪ್ಪೇ ಬೇರೂರುತ್ತದೆ. ನಾಲ್ಕು ದಿನಗಳಲ್ಲಿ ಎರಡು ದಿನ ಯಾರಾದರೂ ಪಕ್ಕದಲ್ಲಿ ಕೂತಿರಲಿ, ಎರಡು ದಿನ ಒಬ್ಬರೇ ಇರಿ, ಆ ದಿನಗಳ ಅಂಕವನ್ನು ಬೇರೆಯಾಗಿ ಬರೆದಿಡಿ.

ಹಂತ 5: ಲೆಕ್ಕ ಓದುವುದು

ಪ್ರತಿ ವಾರದ ಎರಡು ಅಂಕಗಳ ಅಂತರ ನಿಮ್ಮ ತೂಗಾಟಕ್ಕಿಂತ ಹೆಚ್ಚಿದೆಯೇ ನೋಡಿ. ಕಡಿಮೆ ಇದ್ದರೆ ಆ ವಿಷಯದಲ್ಲಿ ನಿಮಗೆ ಯಾವ ವಿಧಾನವಾದರೂ ಸರಿ, ಮನಸ್ಸಿಗೆ ಒಪ್ಪುವುದನ್ನೇ ಇಟ್ಟುಕೊಳ್ಳಿ. ಅಲ್ಲಿ ಇಷ್ಟಕ್ಕೆ ಪೂರ್ಣ ಸ್ವಾತಂತ್ರ್ಯ. ಹೆಚ್ಚಿದ್ದರೆ ಕಟ್ಟುಗಳನ್ನು ಅದಲುಬದಲು ಮಾಡಿ, ಬೇರೆ ಪದಗಳಿಂದ ಇನ್ನೊಂದು ವಾರ ನೋಡಿ. ಎರಡನೇ ಸಲವೂ ಅದೇ ವಿಧಾನ ಗೆದ್ದರೆ ಮಾತ್ರ ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಬರೆಯಿರಿ.

ಆ ಪುಟ ಹೀಗಿರಬಹುದು: ಕೂತಿನ ಮಿತಿ 20 ನಿಮಿಷ. ಬೆಳಗ್ಗೆ 6ಕ್ಕೆ ತಪ್ಪು ಕಡಿಮೆ. ಮೊದಲು ತಡಕಾಡಿ ಆಮೇಲೆ ನೋಡುವುದು ಲಾಭ. ಸಾಲು ಮುಗಿದ ಮೇಲೆ ತಿದ್ದುವುದು. ಜೊತೆಗಾರರಿದ್ದರೆ ವೇಗ ಹೆಚ್ಚು, ತಪ್ಪೂ ಹೆಚ್ಚು. 'ನೋಡಿ ಕಲಿಯುವವನು' ಎಂಬ ಒಂದು ಪದಕ್ಕಿಂತ ಈ ಐದು ಸಾಲು ಎಷ್ಟೋ ಪಾಲು ಕೆಲಸಕ್ಕೆ ಬರುತ್ತದೆ.

ಎಲ್ಲಿ ಕೆಡುತ್ತದೆ

ಬಹುಪಾಲು ಪರೀಕ್ಷೆಗಳು ಕೆಡುವುದು ಬೆರಳು ನೋಡುವುದರಿಂದ. ಕಣ್ಣು ಒಮ್ಮೆ ಕೆಳಗಿಳಿದರೆ ಬೆರಳು ಜಾಗ ಹುಡುಕುವ ಕೆಲಸವನ್ನೇ ಬಿಡುತ್ತದೆ, ಅಂಕ ಮಾತ್ರ ಚೆನ್ನಾಗಿ ಬರುತ್ತದೆ. ಟವೆಲ್ ಇರುವುದು ಅದಕ್ಕೇ. ಒಂದೇ ವಾರದಲ್ಲಿ ಎರಡು ಸಂಗತಿ ಬದಲಿಸುವುದು ಇನ್ನೊಂದು ತಪ್ಪು: ಹೊಸ ವಿಧಾನದ ಜೊತೆಗೆ ಹೊಸ ಕೀಲಿಮಣೆ ಬಂದರೆ ಯಾವುದರ ಫಲವೆಂದು ಹೇಳಲಾಗದು. ಹೊಸ ವಿಧಾನಕ್ಕೆ ಮೊದಲ ದಿನ ಹುರುಪು ಇದ್ದೇ ಇರುತ್ತದೆ, ಆದ್ದರಿಂದ ಸೋಮವಾರದ ಅಂಕ ನೋಡಿ ತೀರ್ಮಾನಿಸಬೇಡಿ. ರಾತ್ರಿ ನಿದ್ದೆ ಕೆಟ್ಟ ಭಾನುವಾರ ಪರೀಕ್ಷೆಯನ್ನು ಸೋಮವಾರಕ್ಕೆ ಹಾಕಿ, ಎರಡೂ ಕಟ್ಟಿಗೂ ಒಟ್ಟಿಗೇ.

ಮೂರನೇ ವಾರದ ಸುಮಾರಿಗೆ ವೇಗ ನಿಂತಂತೆ ಕಾಣುವುದು ಸಾಮಾನ್ಯ. ಒಂದೊಂದೇ ಕೀಲಿ ಹುಡುಕುತ್ತಿದ್ದ ಬೆರಳು ಆಗ ಪದಗಳನ್ನು ಇಡಿಯಾಗಿ ಹಿಡಿಯಲು ಹೊರಟಿರುತ್ತದೆ. ವಿಧಾನ ಬದಲಿಸುವ ಹೊತ್ತು ಅದಲ್ಲ.

ಬೇರೆ ವಿದ್ಯೆಗಳಿಗೆ

ಚೌಕಟ್ಟು ಅದೇ, ಅಳತೆಗೋಲು ಬೇರೆ. ಕರ್ನಾಟಕ ಸಂಗೀತ ಕಲಿಯುವವರು ಮಾಯಾಮಾಳವಗೌಳದ ಸರಳೆ ವರಸೆಗಳಲ್ಲಿ ಎರಡು ಜೋಡಿ ತೆಗೆದುಕೊಳ್ಳಲಿ. ತಂಬೂರಿ ಶ್ರುತಿಯೊಂದಿಗೆ ಮೂರು ಕಾಲದಲ್ಲಿ ಹಾಡಿ ಮುದ್ರಿಸಿ, ಮರುದಿನ ಕೇಳಿ, ಶ್ರುತಿ ಜಾರಿದ ಕಡೆ ಮತ್ತು ತಾಳ ತಪ್ಪಿದ ಕಡೆ ಎಣಿಸಲಿ. ಹಾಡಿದ ಕೂಡಲೇ ಕೇಳಿದರೆ ಕಿವಿ ತನ್ನ ತಪ್ಪನ್ನು ಒಪ್ಪುವುದಿಲ್ಲ. ಹೋಳಿಗೆಗೆ ಹತ್ತರಲ್ಲಿ ಎಷ್ಟು ಹರಿದವು ಎಂಬುದೇ ಅಂಕ. ಒಂದು ದಿನ ಕಣಕವನ್ನು ಅಳತೆಯಿಂದ ನಾದಿ, ಒಂದು ದಿನ ಅಳತೆ ಬಿಟ್ಟು ಬೆರಳಿನ ಹದದಿಂದ. ಕಾರಿನಲ್ಲಿ ಏರಿನಿಂದ ಹತ್ತು ಸಲ ಹೊರಟಾಗ ಎಷ್ಟು ಸಲ ಎಂಜಿನ್ ನಿಂತಿತು ಎಂದು ಎಣಿಸಿ. ಇಲ್ಲಿ ಒಬ್ಬರೇ ಅಭ್ಯಾಸ ಮಾಡುವ ಪ್ರಯೋಗ ಬೇಡ, ಕಲಿಸುವವರು ಪಕ್ಕದಲ್ಲಿರಲೇಬೇಕು. ಹೊಸ ಭಾಷೆಗೆ 20 ಪದಗಳ ಎರಡು ಪಟ್ಟಿ ಸಾಕು, ಆದರೆ ಪರೀಕ್ಷೆ ಪದದ ಅರ್ಥದ್ದಾಗಬಾರದು, ಪದ ಬಳಸಿ ಮಾತಾಡುವುದರದ್ದಾಗಬೇಕು.

ಟೈಪಿಂಗಿನಿಂದ ಸಂಗೀತಕ್ಕೆ ಕೊನೆಯ ಪುಟವನ್ನು ಹಾಗೆಯೇ ಒಯ್ಯಬೇಡಿ. ಕೂತಿನ ಮಿತಿ ಮತ್ತು ಚುರುಕಿನ ಹೊತ್ತು ಬಹುತೇಕ ಹೊಂದುತ್ತವೆ, ಅವನ್ನು ಒಯ್ಯಿರಿ. ಪ್ರವೇಶದ ದಾರಿಯನ್ನೂ ತಿದ್ದುವ ರೀತಿಯನ್ನೂ ಹೊಸ ವಿದ್ಯೆಯಲ್ಲಿ ಮತ್ತೆ ಒಂದೊಂದು ವಾರ ಪರೀಕ್ಷಿಸಿ. ಅದೇ ವಿದ್ಯೆಯಲ್ಲಿ ಮುಂದುವರಿಯುವವರು ಮೂರು ತಿಂಗಳಿಗೊಮ್ಮೆ ಐದನೇ ವಾರದ ಪ್ರಯೋಗವನ್ನಷ್ಟೇ ಮರುಮಾಡಿದರೆ ಸಾಕು, ಏಕೆಂದರೆ ಕೈ ಪಳಗಿದಂತೆ ಬದಲಾಗುವುದು ಹೆಚ್ಚಾಗಿ ತಿದ್ದುವ ರೀತಿಯೇ. ಹೊಸಬರಿದ್ದಾಗ ಸಾಲು ಮುಗಿಯುವವರೆಗೆ ಕಾಯಬೇಕಿದ್ದ ಬೆರಳು, ನಿಮಿಷಕ್ಕೆ 120 ಒತ್ತು ದಾಟಿದ ಮೇಲೆ ತನ್ನ ತಪ್ಪನ್ನು ಪರದೆಯಲ್ಲಿ ಕಾಣುವ ಮೊದಲೇ ಹಿಡಿಯಬಹುದು.